ಮಲ್ಲೇಶಿ ಬಂದನಂತೆ

ದಸ್ತಗಿರಮ್ಮನ ಬಾಳು ಹಾಳಾದದ್ದು ಕೆಟ್ಟವರಿಂದಲ್ಲ. ಕೆಟ್ಟವರಿಂದ ಆಗಿದ್ದರೆ ನಾಲ್ಕು ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದನ್ನು ಮಾಡಿದವಳು ನಮ್ಮ ಕೋಸಗಿಯಲ್ಲೇ ಬಲು ಒಳ್ಳೆಯ ಹೆಂಗಸು, ಪಕ್ಕದ ಮನೆಯ ಭೀಮಕ್ಕ. ಅವಳ ಜೊತೆಗೆ ಒಂದು ರೇಡಿಯೋ ನಾಟಕ.

ಆಂಧ್ರ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ದಸ್ತಗಿರಮ್ಮನಿಗೆ ಆಗ ಮೂವತ್ತರ ಆಸುಪಾಸು. ಗಂಡ ಉರುಕುಂದಪ್ಪ ಮದುವೆಯಾದ ಮರುವರ್ಷವೇ ಕೂಲಿಗೆಂದು ಬೊಂಬಾಯಿ ರೈಲು ಹತ್ತಿದವನು ತಿರುಗಿ ಬಂದಿರಲಿಲ್ಲ. ಸುಗ್ಗಿ ಮುಗಿದರೆ ನಮ್ಮೂರು ಅರ್ಧಕ್ಕರ್ಧ ಖಾಲಿಯಾಗುತ್ತದೆ, ಮಳೆ ಬಿದ್ದರೆ ತುಂಬುತ್ತದೆ. ಇವನೊಬ್ಬ ಬರಲಿಲ್ಲ. ಜೊತೆಗೆ ಹೋದವರು ಮೊದಮೊದಲು "ಅಲ್ಲೇ ಎಲ್ಲೋ ಅದಾನ" ಅನ್ನುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಅತ್ತೆ ಮಾವ ತೀರಿಕೊಂಡರು. ಇವಳು ಶೇಂಗಾ ಒಡೆದುಕೊಂಡು, ಹತ್ತಿ ಬಿಡಿಸಿಕೊಂಡು, ಹಣೆಯ ಕುಂಕುಮ ಒಂದು ದಿನವೂ ತಪ್ಪಿಸದೆ ಒಬ್ಬಳೇ ಉಳಿದಳು.

ಅಷ್ಟರಲ್ಲಿ ಪೆದ್ದಕಡುಬೂರಿನ ಆದೆಪ್ಪ ಅವಳನ್ನು ಉಡಿಕೆ ಕೇಳಿದ. ಗಂಡ ಸತ್ತವಳನ್ನೋ ಗಂಡ ಬಿಟ್ಟುಹೋದವಳನ್ನೋ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದೇ ಉಡಿಕೆ. ಅವರ ಕುಲದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ, ಹಿರಿಯರೂ ಹೂಂ ಅಂದಿದ್ದರು. ಆದೆಪ್ಪ ಹೆಂಡತಿ ಸತ್ತವನು, ಸ್ಟೇಷನ್ನಿಗೆ ಹತ್ತಿಯ ಬಂಡಿ ಹೊಡೆಯುವವನು. ಎತ್ತಿಗೂ ಗಟ್ಟಿಯಾಗಿ ಬೈಯದ ಗಂಡಸು. ಅವನನ್ನು ಕಂಡರೆ ದಸ್ತಗಿರಮ್ಮನಿಗೂ ಮನಸ್ಸಿತ್ತು. ಮಗು ಬೇಕೆಂಬ ಆಸೆಯಂತೂ ಅವಳ ಮುಖದ ಮೇಲೇ ಕಾಣುತ್ತಿತ್ತು. ಯಾರ ಕೂಸು ಸಿಕ್ಕರೂ ಎತ್ತಿಕೊಂಡು ಬಿಡುತ್ತಿರಲಿಲ್ಲ. ಆದರೆ ಉರುಕುಂದಪ್ಪ ಬದುಕಿದ್ದು, ನಾಳೆ ಬಂದು ಬಾಗಿಲಲ್ಲಿ ನಿಂತರೆ? ಅದೊಂದೇ ಮುಳ್ಳು ಅವಳನ್ನು ಚುಚ್ಚುತ್ತಿತ್ತು.

ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದಳು. ಬಲಕ್ಕೆ ಬಿದ್ದರೆ ಗಂಡ ಬರುತ್ತಾನೆ, ಎಡಕ್ಕೆ ಬಿದ್ದರೆ ಉಡಿಕೆ. ಹೂವು ಎತ್ತಲೂ ಬೀಳಲಿಲ್ಲ. ದೇವರು ಹಾಗೆ ಸುಮ್ಮನೆ ಕೂತದ್ದು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆಗ ಅವಳು ಮನಸ್ಸಿನಲ್ಲೇ ಇನ್ನೊಂದು ಹರಕೆ ಕಟ್ಟಿದಳು. ಯಾರಿಗೂ ಹೇಳಲಿಲ್ಲ, ಎಲ್ಲ ಮುಗಿದ ಮೇಲೆ ನಮ್ಮ ಅವ್ವನ ಮುಂದೆ ಅಂದದ್ದು. ರೇಡಿಯೋ ನಾಟಕದ ಚಂದ್ರಾಬಾಯಿಗೆ ಗಂಡ ತಿರುಗಿ ಬಂದರೆ ನಾನೂ ಕಾಯುತ್ತೇನೆ, ಬರದಿದ್ದರೆ ಆದೆಪ್ಪನ ಸೀರೆ ಉಡುತ್ತೇನೆ.

ಪಂಚಾಯತಿ ಕಟ್ಟೆಯ ಮೇಲೆ ಬ್ಯಾಟರಿಯ ರೇಡಿಯೋ ಇತ್ತು. ಗುರುವಾರ ಸಂಜೆ ದೂರದ ಕನ್ನಡ ಸ್ಟೇಷನ್ನಿನಿಂದ ಆ ನಾಟಕ ಬರುತ್ತಿತ್ತು, ಒಂದೊಂದು ವಾರ ಒಂದೊಂದು ಕಂತು. ಚಂದ್ರಾಬಾಯಿಯ ಗಂಡ ಮಲ್ಲೇಶಿಯೂ ಬೊಂಬಾಯಿಗೆ ಹೋಗಿ ಕಳೆದುಹೋದವನು. ಅವಳನ್ನು ಮೆಚ್ಚಿದ ಒಬ್ಬ ಮಾಸ್ತರನಿದ್ದ. ಈಚೆಗೆ ಎಲ್ಲಿಂದಲೋ ಒಬ್ಬ ಸಾಧು ಬಂದು ಊರ ಹೊರಗೆ ಕೂತಿದ್ದ, ತಾನು ಯಾರೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಾಟಕ ನಡೆಯುವುದು ಅರ್ಧ ಗಂಟೆ. ನಮ್ಮ ಜನ ಅದರ ಮೇಲೆ ವಾದ ಮಾಡುವುದು ಮುಂದಿನ ಗುರುವಾರದವರೆಗೆ. ಚಂದ್ರಾಬಾಯಿಯ ಪಾರ್ಟು ಮಾಡುವವಳು ಹದಿನೆಂಟರ ಹುಡುಗಿ ಎಂದು ಕೆಲವರು, ಮೊಮ್ಮಕ್ಕಳನ್ನು ಕಂಡ ಮುದುಕಿ ಎಂದು ಕೆಲವರು. ಬೇಸಾಯದ ಮಾತಿಗೂ ಅಷ್ಟು ಹೊತ್ತು ಕೂತವರಲ್ಲ ನಮ್ಮವರು.

ದೊಡ್ಡ ಜಗಳ ಸಾಧುವಿನ ದನಿಯದು, ನಮ್ಮೂರ ಮಾತಿನಲ್ಲಿ ಗೊಂತಿನದು. ದರ್ಜಿ ಹನುಮಂತು ತೊಡೆ ತಟ್ಟಿ ಹೇಳುತ್ತಿದ್ದ: "ಆ ಸಾಧುನ ಗೊಂತು ಕೇಳ್ರಿ. ಮದ್ಲನೇ ಕಂತಿನಾಗ ಮಲ್ಲೇಶಿ ಊರು ಬಿಡೋವಾಗ ಮಾತಾಡಿದ್ದನಲ್ಲ, ಅದೇ ಗೊಂತು! ಸಾಧುನೇ ಮಲ್ಲೇಶಿ ಅದಾನ. ವೇಷ ಹಾಕ್ಕೊಂಡು ಹೆಂಡ್ತಿನ ಪರೀಕ್ಷಾ ಮಾಡಾಕ ಬಂದಾನ."

ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಬಜಾರಪ್ಪ ಒಪ್ಪುತ್ತಿರಲಿಲ್ಲ. "ಏ ಹುಚ್ಚಪ್ಪ, ಗೊಂತು ಒಂದೇ ಆದ್ರ ಮನುಷ್ಯಾ ಒಬ್ನೇ ಆಗಬೇಕೇನು? ರೇಡಿಯೋದಾಗ ಪಾರ್ಟ ಮಾಡೋ ಮಂದಿ ಕಡಿಮಿ ಅದಾರ, ಅಂತೇ ಕದಾ, ಅಷ್ಟೇ! ನಮ್ಮ ಬಯಲಾಟದಾಗ ಭೀಮಲಿಂಗಪ್ಪ ರಕ್ಕಸನೂ ಆಗ್ತಾನ, ಸೂಲಗಿತ್ತಿನೂ ಆಗ್ತಾನ. ಹಂಗಂತ ರಕ್ಕಸನ್ನ ಕರದು ಬಾಣಂತನ ಮಾಡಸ್ತೀಯೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ದಸ್ತಗಿರಮ್ಮ ಮಾತ್ರ ನಗದೆ, "ಹನುಮಂತಣ್ಣ, ಖರೇನೂ ಅದೇ ಗೊಂತೇನು?" ಎಂದು ಕೇಳಿದಳು. "ನನ್ನ ಕಿವಿಮ್ಯಾಲ ಆಣಿ" ಎಂದ ಅವನು. ಅವಳ ಜೀವ ಆ ಮಾತಿಗೆ ನೇತುಬಿದ್ದಿದೆ ಎಂದು ಅಲ್ಲಿ ಯಾರಿಗೆ ಗೊತ್ತಿತ್ತು!

ಯುಗಾದಿ ಹತ್ತಿರ ಬಂತು. ಆದೆಪ್ಪನಿಗೆ ಅವನ ಅಕ್ಕಂದಿರು ಪತ್ತಿಕೊಂಡದ ಕಡೆ ಹೆಣ್ಣು ನೋಡಿಟ್ಟಿದ್ದರು. ಅವನು ಬಂಡಿ ನಿಲ್ಲಿಸಿ, ದಸ್ತಗಿರಮ್ಮನ ಹೊಸ್ತಿಲಿಂದ ದೂರವೇ ನಿಂತು, "ಹಬ್ಬದೊಳಗ ಒಂದ್ ಮಾತು ಹೇಳು. ನೀ ಹೂಂ ಅಂದ್ರ ನಾ ಪತ್ತಿಕೊಂಡಕ್ಕ ಹೋಗಂಗಿಲ್ಲ" ಎಂದ. "ನಾಟಕ ಮುಗೀಲಿ" ಎಂದಳು ಇವಳು. ಅವನಿಗೆ ಅದೇನೆಂದು ತಿಳಿಯಲಿಲ್ಲ, ಪಾಪ. ತಲೆಯಾಡಿಸಿ ಹೋದ.

ನಾಟಕ ಮುಗಿಯುವ ವಾರವೇ ಬ್ಯಾಟರಿ ಕೈಕೊಟ್ಟಿತು. ಚಾರ್ಜಿಗೆಂದು ಆದೋನಿಗೆ ಕಳಿಸಿದರು, ಅದು ಸಮಯಕ್ಕೆ ಬರಲಿಲ್ಲ. ಗುರುವಾರ ಸಂಜೆ ಜನ ಮೂಕ ಪೆಟ್ಟಿಗೆಯ ಮುಂದೆಯೇ ಕೂತು ತಮ್ಮತಮ್ಮ ನಾಟಕ ತಾವೇ ಕಟ್ಟಿದರು. ಹನುಮಂತು ಮಲ್ಲೇಶಿಯ ಗಡ್ಡ ತೆಗೆಸಿ ಮನೆಗೆ ಕರೆತಂದ, ಬಜಾರಪ್ಪ ಅವನನ್ನು ಮತ್ತೆ ಬೊಂಬಾಯಿಗೆ ಅಟ್ಟಿದ. ಕೊನೆಗೆ ಯಾರಿಗೋ ಹೊಳೆಯಿತು, ಭೀಮಕ್ಕ ಮಗಳ ಮನೆಗೆಂದು ರಾಯಚೂರಿಗೆ ಹೋಗಿದ್ದಾಳೆ, ಆ ಮನೆಯ ಎದುರಿನ ಹೋಟಲಿನಲ್ಲಿ ರೇಡಿಯೋ ಇದೆ, ಅವಳು ಕೇಳಿಯೇ ಇರುತ್ತಾಳೆ.

ಭೀಮಕ್ಕ ರೈಲು ಇಳಿದು ಬರುವಾಗ ದಾರಿಯಲ್ಲೇ ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ದಸ್ತಗಿರಮ್ಮ, ಕೆಲಸದಿಂದ ಹಾಗೇ ಎದ್ದು ಓಡಿಬಂದಿದ್ದಳು. "ಭೀಮಕ್ಕ, ಬಂದನೇನ ಆಂವ?"

ನಮ್ಮ ಕಡೆ ಕೆಲವು ಮಾತು ಬಾಯಲ್ಲಿ ಬರಬಾರದು. ಜೋಳ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ಹೆಚ್ಚಿದೆ ಅನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿತು. ದೀಪ ಆರಿಸುವಾಗ ದೊಡ್ಡದು ಮಾಡು ಅನ್ನುತ್ತೇವೆ. ಇನ್ನು ಗಂಡನ ದಾರಿ ಕಾಯುತ್ತಾ ಕುಂಕುಮ ಇಟ್ಟುಕೊಂಡು ನಿಂತವಳ ಮುಖ ನೋಡಿ, ಕತೆಯ ಗಂಡನೇ ಆಗಲಿ, ಸತ್ತ ಎಂದು ಹೇಳುವ ನಾಲಿಗೆ ಭೀಮಕ್ಕನಿಗೆ ಎಲ್ಲಿಂದ ಬರಬೇಕು?

"ಬಂದನವ್ವ, ಬಂದ" ಎಂದಳು. "ಆ ಸಾಧುನೇ ಮಲ್ಲೇಶಿ."

ಹನುಮಂತು ಟೋಪಿ ತೆಗೆದು ಮೇಲಕ್ಕೆ ಹಾರಿಸಿದ. ದಸ್ತಗಿರಮ್ಮ ಅಲ್ಲೇ ದಾರಿಯ ಮೇಲೆ ಕುಸಿದು ಕೂತು ಅತ್ತಳು. ಖುಷಿಗೆ ಎಂದು ಎಲ್ಲರೂ ತಿಳಿದರು. ಅರ್ಧ ಖುಷಿಯೇ ಇದ್ದಿರಬಹುದು. ಇನ್ನರ್ಧ ಏನೆಂದು ನನಗೀಗ ಗೊತ್ತು.

ಮಾರನೆಯ ದಿನ ಅವಳು ಆದೆಪ್ಪನಿಗೆ, "ನನ್ನ ಗಂಡ ಬರ್ತಾನ. ನೀ ಪತ್ತಿಕೊಂಡದಾಕಿನ್ನ ಮಾಡ್ಕೋ" ಎಂದಳು. "ಯಾರು ಹೇಳ್ಯಾರ?" ಎಂದು ಅವನು ಮತ್ತೆ ಮತ್ತೆ ಕೇಳಿದ. ಹೇಳಲಿಲ್ಲ. ಹಬ್ಬ ಕಳೆದು ಅವನ ಮದುವೆಯಾಯಿತು.

ಮದುವೆ ಆದಮೇಲೆಯೇ ಅವಳು ತನ್ನ ಹರಕೆಯ ಸಂಗತಿ ನಮ್ಮ ಅವ್ವನಿಗೆ ಹೇಳಿದ್ದು, ಅವ್ವ ಅದನ್ನು ಭೀಮಕ್ಕನಿಗೆ ಹೇಳಿದ್ದು. ಕೇಳಿ ಭೀಮಕ್ಕ ಗೋಡೆಗೆ ಒರಗಿದಳು. "ಅಯ್ಯೋ ಯವ್ವಾ, ಆಂವ ಸತ್ತಿದ್ದ. ಸಾಧು ಬರೇ ಸುದ್ದಿ ಹೇಳಾಕ ಬಂದಾಂವ. ಕಡೀಕ ಚಂದ್ರಾಬಾಯಿ ಮಾಸ್ತರನ್ನೇ ಮಾಡ್ಕೊಂಡ್ಳು." ಎದೆ ಎದೆ ಬಡಿದುಕೊಂಡಳು. ಬಡಿದುಕೊಂಡು ಏನು ಬಂತು? ಅತ್ತ ಆದೆಪ್ಪನ ಮನೆಯಲ್ಲಿ ಹೊಸ ಹೆಂಡತಿ ಒಲೆ ಹಚ್ಚಿಯಾಗಿತ್ತು. ಈಗ ಇವಳಿಗೆ ನಿಜ ಹೇಳಿದರೆ ಉಳಿದ ಆಸೆಯನ್ನೂ ಕಿತ್ತುಕೊಂಡಂತೆ ಎಂದು ಅವ್ವನೂ ಭೀಮಕ್ಕನೂ ಬಾಯಿ ಮುಚ್ಚಿಕೊಂಡರು. ಮತ್ತೆ ಒಳ್ಳೆಯತನ! ನಮ್ಮವರಿಗೆ ಅದರ ಚಾಳಿ ಬಿಡುವುದಿಲ್ಲ.

ದಸ್ತಗಿರಮ್ಮ ಕಾದಳು. ಬಜಾರಪ್ಪನಿಗೆ ವರ್ಗವಾಯಿತು, ಆದೆಪ್ಪನಿಗೆ ಮಕ್ಕಳಾದವು. ಅವಳ ತಲೆ ನರೆಯಿತು, ಎತ್ತಿಕೊಳ್ಳಲು ಕೇಳಿದರೆ ಬೇರೆಯವರು ಕೂಸು ಕೊಡಲು ಹಿಂದುಮುಂದು ನೋಡತೊಡಗಿದರು. ಆದರೆ ಭೀಮಕ್ಕನನ್ನು ಕಂಡರೆ ಅವಳಿಗೆ ಪ್ರಾಣ. "ನೀ ಅವತ್ತು ಹೇಳಿದ ಮಾತಿಗೇ ನಾ ಬದುಕೀನಿ" ಅನ್ನುತ್ತಿದ್ದಳು. ಭೀಮಕ್ಕ ತಲೆ ತಗ್ಗಿಸುತ್ತಿದ್ದಳು.

ಕಡೆಗೆ ಒಂದು ಮಧ್ಯಾಹ್ನ ಭೀಮಕ್ಕನಿಗೆ ತಡೆಯಲಾಗಲಿಲ್ಲ. ನಮ್ಮ ಮನೆಯ ಕಟ್ಟೆಯ ಮೇಲೆ ನಾವು ಮೂವರೇ ಇದ್ದೆವು.

"ದಸ್ತಗಿರಿ, ನಾ ಅವತ್ತು ಸುಳ್ಳ ಹೇಳಿದೆನವ್ವ. ನಾಟಕದಾಗ ಮಲ್ಲೇಶಿ ಬರಲಿಲ್ಲ. ಆಂವ ಬೊಂಬಾಯ್ಯಾಗ ಸತ್ತಿದ್ದ."

ದಸ್ತಗಿರಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಮುಖ ಬೂದಿಯಂತಾಗಿತ್ತು. "ಥೂ ಥೂ! ಹೊತ್ತು ಮುಣುಗೋ ವಯಸ್ಸಿನಾಗ ಎಂಥಾ ಮಾತು ಆಡ್ತೀ ಭೀಮಕ್ಕ! ನಿನಗ ಅರುಳು ಮರುಳು ಆಗೇತಿ. ಆ ಸಾಧುನೇ ಮಲ್ಲೇಶಿ, ನೀನೇ ಹೇಳಿಲ್ಲೇನು? ಬಿಡ್ತು ಅನ್ನು. ಮದ್ಲ ಬಿಡ್ತು ಅನ್ನು!"

ಭೀಮಕ್ಕ ನನ್ನ ಕಡೆ ನೋಡಿದಳು. ಎದುರಿಗೆ ದಸ್ತಗಿರಮ್ಮ ಕಿವಿಯಿಂದ ಕೈ ತೆಗೆಯದೆ, ಅವಳ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದಳು.

"ಬಿಡ್ತು" ಎಂದಳು ಭೀಮಕ್ಕ.