ಸದ್ದಿಲ್ಲದ ಊರಿನಲ್ಲಿ ಒಣ ಪೊರಕೆ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ನಗರದಂಚಿನ ಈ ಸಿರಿವಂತರ ಊರಿನಲ್ಲಿ ಗೇಟುಗಳೂ ಗೊರಕೆ ಹೊಡೆಯುವ ಹೊತ್ತು. ಇಳಿಜಾರಿನ ರಸ್ತೆಯಲ್ಲಿ ‘ಬರ್ರ್… ಬರ್ರ್…’ ಎಂದು ಒಣ ಪೊರಕೆಯ ಸದ್ದು ಏಳುತ್ತದೆ. ನಿಲುವಂಗಿ ತೊಟ್ಟ ಯಜಮಾನರೊಬ್ಬರು ಬಾಲ್ಕನಿಗೆ ಬಂದು, ಆಕಳಿಕೆಯನ್ನು ಅರ್ಧಕ್ಕೇ ತಡೆದು ಕೇಳುತ್ತಾರೆ: “ಏನಮ್ಮಾ ಅದು ಸದ್ದು?”

“ಗುಡಿಸ್ತಾ ಇದೀನಿ ಸಾರ್.”

“ಹೊಸಬರಾ?”

“ಒಂಬತ್ತು ವರ್ಷ ಆಯ್ತು ಸಾರ್.”

ಯಜಮಾನರು ಉಳಿದರ್ಧ ಆಕಳಿಸಿ ಒಳಗೆ ಹೋಗುತ್ತಾರೆ.

ಗುಡಿಸುವ ಈ ಹೆಂಗಸಿಗೆ ಹಾಲು ತರುವವನು ಇಟ್ಟ ಹೆಸರು ಎಲೆಯಕ್ಕ. ಇಲ್ಲಿನ ಮರಗಳೂ ಮನೆಯವರಂತೆಯೇ ಧಾರಾಳಿಗಳು, ಬೇಡವಾದದ್ದನ್ನೆಲ್ಲ ಬೀದಿಗೆ ಸುರಿಯುತ್ತವೆ. ಎಲೆಮರೆಯ ಕಾಯಿ ಎನ್ನೋಣವೆಂದರೆ, ಮರೆಯಾಗಲು ಇವರು ಒಂದೆಲೆಯನ್ನೂ ಉಳಿಸುವುದಿಲ್ಲ. ಆದರೂ ಯಾರ ಕಣ್ಣಿಗೂ ಬಿದ್ದಿಲ್ಲ.

ಅದಕ್ಕೆ ಅವರ ಕೈಚಳಕವೇ ಕಾರಣ. ಕೆಲಸಕ್ಕೆ ಸೇರಿದಾಗ ನಿವಾಸಿಗಳ ಸಂಘದ ಕಾರ್ಯದರ್ಶಿ ಹೇಳಿದ್ದು ಒಂದೇ ಮಾತು: ಜನ ಏಳುವ ಮೊದಲು ರಸ್ತೆ ಚೊಕ್ಕಟವಾಗಿರಬೇಕು, ಜನ ಮಾತ್ರ ಏಳಬಾರದು. ಎಲೆಯಕ್ಕ ದಾರಿ ಕಂಡುಕೊಂಡರು. ಹಿಂದಿನ ಸಂಜೆಯೇ ಪೊರಕೆಯನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು, ತುದಿ ಬಿಗಿದು ಕಟ್ಟಿ, ನೆಲಕ್ಕೊತ್ತಿ ತನ್ನತ್ತ ಎಳೆದುಕೊಳ್ಳುವುದು. ಕಡ್ಡಿ ಗೀರುವುದಿಲ್ಲ, ನಾಯಿ ಕಿವಿ ನಿಮಿರಿಸುವುದಿಲ್ಲ. “ಆದ್ರೆ ನೆಂದ ಪೊರಕೆ ಹೆಣಭಾರ. ರಸ್ತೆ ಸದ್ದೆಲ್ಲ ಇಲ್ಲಿ ಬಂದು ಕೂತಿದೆ,” ಎಂದು ಬಲಭುಜ ಮುಟ್ಟುತ್ತಾರೆ. “ಎತ್ತಿದ್ರೆ ಕಟಕಟ ಅನ್ನತ್ತೆ.”

ಮನೆಯೆಂದರೆ ಸಂಘದ ಸಭಾಂಗಣದ ಹಿಂದಿನ ಒಂದು ಕೋಣೆ. ಮೊದಲು ಕುರ್ಚಿ ಪೇರಿಸುತ್ತಿದ್ದ ಜಾಗ. ಈಗಲೂ ಒಂದು ಗೋಡೆ ಕುರ್ಚಿಗಳದು, ಉಳಿದದ್ದು ಮೂವರದು. ಗಂಡ ಇಲ್ಲಿನ ಕ್ಲಬ್ಬಿನಲ್ಲಿ ಮಾಲಿಯಾಗಿದ್ದವರು, ಬೆನ್ನು ಹಿಡಿದುಕೊಂಡ ಮೇಲೆ ಮನೆಯಲ್ಲಿ ಸೌಟು ಹಿಡಿದಿದ್ದಾರೆ. ಮಗಳು ಎಂಟನೇ ತರಗತಿ. ಊರಿನ ಶಾಲೆ ಎರಡು ಬೀದಿಯಾಚೆ. ಪಾಠ ಮಾಡುವ ಮೇಷ್ಟ್ರು, ಪುಸ್ತಕವಿರುವ ಲೈಬ್ರರಿ, ಹುಡುಗಿ ಸಂಜೆ ಒಬ್ಬಳೇ ನಡೆದು ಬರಬಹುದಾದ ಬೆಳಕಿನ ರಸ್ತೆ. ಆದರೆ ಊರೊಳಗೆ ವಾಸವಿರುವವರ ಮಕ್ಕಳಿಗೆ ಮಾತ್ರ ಸೀಟು. ಕೋಣೆ ಹೋದರೆ ಶಾಲೆಯೂ ಹೋಯಿತು.

“ನೀರು ಬರತ್ತೆ, ಕರೆಂಟು ಹೋಗಲ್ಲ, ಕುಡುಕರ ಕಾಟ ಇಲ್ಲ. ಇಲ್ಲ ಅನ್ನಬಾರದು,” ಎನ್ನುತ್ತಾರೆ ಎಲೆಯಕ್ಕ. “ಆದ್ರೆ ಎಲ್ಲರಿಗೂ ಕಾರಿದೆ ಅಂತ ಬಸ್ಸು ಈ ದಿಣ್ಣೆ ಹತ್ತಲ್ಲ. ಒಂದೇ ಒಂದು ಈರುಳ್ಳಿ ಕೇಳಿದ್ರೆ ಅಂಗಡಿಯವನು ನನ್ನ ಮುಖ ನೋಡ್ತಾನೆ. ಅದೂ ವಾಸಿ ಬಿಡಿ, ಅವನಾದ್ರೂ ನೋಡ್ತಾನೆ. ಇಲ್ಲಿ ಮಿಕ್ಕ ಕಡೆ ನನ್ನ ನೋಡೋದು ಕ್ಯಾಮೆರಾ ಒಂದೇ.”

ಕಳೆದ ತಿಂಗಳ ಸಂಘದ ಸಭೆಯಲ್ಲಿ ಅವರು ಟೀ ಹಂಚುತ್ತಿದ್ದರು. ಅಲ್ಲಿ ನಡೆದದ್ದನ್ನು, ಗೋಡೆಯಾಚೆಯಿಂದ ಕೇಳಿಸಿಕೊಂಡ ಮಗಳು, ಗದ್ದ ಎದೆಗೊತ್ತಿ, ಕಾರ್ಯದರ್ಶಿಯ ಮೂಗುದನಿಯಲ್ಲೇ ಆಡಿ ತೋರಿಸುತ್ತಾಳೆ: “ನಮ್ಮ ರಸ್ತೆಗಳಲ್ಲಿ, ಹ್ಞಾಂ, ಕಸವೇ ಬೀಳುವುದಿಲ್ಲ. ತಿಂಗಳಿಗೊಮ್ಮೆ ಯಂತ್ರ ತರಿಸಿದರೆ, ಹ್ಞಾಂ, ಧಾರಾಳವಾಯಿತು.” ಹಿಂದಿನ ಕೋಣೆ ಖಾಲಿ ಮಾಡಿಸಿ ವ್ಯಾಯಾಮಶಾಲೆ ಮಾಡೋಣ ಎಂದರು. ಬೆವರು ಸುರಿಸುವವರನ್ನು ಕಳಿಸಿ ಬೆವರು ಇಳಿಸುವವರಿಗೆ ಜಾಗ. ಎಲ್ಲರೂ ತಲೆಯಾಡಿಸಿದರು. ಒಬ್ಬರು ಮಾತ್ರ ಎಲೆಯಕ್ಕನತ್ತ ತಿರುಗಿ, ಸಕ್ಕರೆ ಜಾಸ್ತಿಯಾಯಿತು ಎಂದರು.

“ಎರಡು ದಿನ ಗುಡಿಸ್ಬೇಡ ಕಣೇ, ಆಗ ಗೊತ್ತಾಗತ್ತೆ,” ಎಂಬುದು ಗಂಡನ ಸಲಹೆ.

“ಗುಡಿಸ್ದಿದ್ರೆ ಸೋಮಾರಿ ಅಂತಾರೆ. ಗುಡಿಸಿದ್ರೆ ಯಾರು ನೀನು ಅಂತಾರೆ. ಎಲ್ಲಿಗೆ ಹೋಗ್ಲಿ?” ಎಂದರಂತೆ ಹೆಂಡತಿ. ಅವತ್ತಿನಿಂದ ಪೊರಕೆ ನೆನೆಸುವುದನ್ನು ಬಿಟ್ಟರು. ಅಷ್ಟೇ. ಅದೇ ರಸ್ತೆ, ಅದೇ ಹೊತ್ತು, ಒಣ ಪೊರಕೆ. ವಾರದೊಳಗೆ ಊರಿಗೆ ಊರೇ ಹೊತ್ತಿಗೆ ಮುಂಚೆ ಏಳತೊಡಗಿತು. ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ‘ಯಾರದು?’ ಎಂಬ ಪ್ರಶ್ನೆ ಓಡಾಡಿತು. ದಿನವೂ ಗುಡಿಸುವವರೊಬ್ಬರಿದ್ದಾರೆ ಎಂದು ಎಲ್ಲರಿಗೂ ಗೊತ್ತಾಗಿ, ಈ ಭಾನುವಾರ ಮತ್ತೆ ಸಭೆ ಸೇರಿತು.

ಎಲೆಯಕ್ಕ ಹೊಸ್ತಿಲಲ್ಲಿ ಕೂತು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿರುವಾಗ ಕಾರ್ಯದರ್ಶಿ ಬರುತ್ತಾರೆ. ಈ ಬಾಗಿಲಿಗೆ ಅವರು ಬಂದದ್ದು ಇದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಚಪ್ಪಲಿಗಳ ಮೇಲೇ ನಿಲ್ಲುತ್ತಾರೆ.

“ನೋಡಮ್ಮ, ಮಗಳ ಪರೀಕ್ಷೆವರೆಗೆ ಇರಿ ಅಂತ ತೀರ್ಮಾನ ಆಗಿದೆ.”

“ಯಾವ ಪರೀಕ್ಷೆ ಸಾರ್? ಈ ವರ್ಷದ್ದಾ, ಹತ್ತನೇದಾ?”

ಕಾರ್ಯದರ್ಶಿ ಒಳಗೆ ಇಣುಕುತ್ತಾರೆ. ಕುರ್ಚಿಗಳ ಬುಡದಲ್ಲಿ ಮಗಳು ಭೂಪಟ ಹರಡಿಕೊಂಡು ಬಣ್ಣ ಹಚ್ಚುತ್ತಿದ್ದಾಳೆ.

“ಹ್ಞಾಂ… ಹತ್ತನೇದೇ ಇರ್ಲಿ. ನಾನು ಹೇಳ್ತೀನಿ ಅವರಿಗೆ. ಆದ್ರೆ ಆ ಸದ್ದು…”

“ಇವತ್ತೇ ನೆನೆಸ್ತೀನಿ ಸಾರ್.”

ಅವರು ಹೋದ ಮೇಲೆ ಮಗಳು ‘ಹ್ಞಾಂ’ ಎನ್ನುತ್ತಾಳೆ, ಅಪ್ಪ ನಗುತ್ತಾರೆ. ಎಲೆಯಕ್ಕ ನಗುವುದಿಲ್ಲ. ಸುಸ್ತಾಗಿದೆ.

ಇಷ್ಟಾದ ಮೇಲೆ ಈ ಊರಲ್ಲೇ ನೆಲೆಯೂರುವ ಆಸೆಯೇ ಎಂದು ಕೇಳಿದರೆ, ಕೈಯ ಎಣ್ಣೆಯನ್ನು ಮೊಣಕೈಗೆ ಒರೆಸಿಕೊಳ್ಳುತ್ತಾರೆ.

“ಇದು ಅವಳಿಗೆ ಬೇಕಾಗಿರೋ ಊರು, ನನಗಲ್ಲ. ಅವಳದು ಮುಗೀಲಿ, ಹೋಗು ಅನ್ನೋ ಮೊದಲೇ ಹೋಗ್ತೀವಿ. ಎಲ್ಲಾದ್ರೂ ಒಂದು ಗಿಜಿಗಿಜಿ ಬೀದೀಲಿ ಮನೆ ಮಾಡ್ಬೇಕು. ಪಕ್ಕದ ಮನೇಲಿ ಒಬ್ಬಳು ಜಗಳಗಂಟಿ ಇರ್ಬೇಕು. ಬೆಳಗ್ಗೆ ಎದ್ದರೆ ನನ್ನ ಹೆಸರು ಹಿಡಿದು ಬೈಬೇಕು.”