ಮಾತಿನಮಲ್ಲಿ ಕುರ್ಚಿ ಕೇಳಿದ್ದು

ಬಟ್ಟೆ ಅಂಗಡಿಯ ಎರಡನೇ ಮಹಡಿಯಲ್ಲಿ ಹದಿನಾರು ವರ್ಷದಿಂದ ಪರದೆ ಬಟ್ಟೆ ಮಾರುತ್ತಿದ್ದ ಆಕೆಗೆ ಜೊತೆಯವರು ಇಟ್ಟ ಹೆಸರು ಮಾತಿನಮಲ್ಲಿ. ಬೆಳಗಿನಿಂದ ಸಂಜೆತನಕ ನಿಂತೇ ಇರಬೇಕಾದ ಕೆಲಸ. ಕೂತವರನ್ನು ಕಂಡರೆ ಗಿರಾಕಿಗಳಿಗೆ ಬೇಸರವಾಗುತ್ತದೆ ಎಂಬುದು ಯಜಮಾನರ ನಂಬಿಕೆ. ಆ ನಂಬಿಕೆಯನ್ನು ಅವರು ಮೆತ್ತನೆಯ ಕುರ್ಚಿಯಲ್ಲಿ ಕೂತು ಕಾಪಾಡಿಕೊಂಡು ಬಂದಿದ್ದರು.

ಮಾತಿನಮಲ್ಲಿ ಊದಿದ ಪಾದ ತೋರಿಸಿ ವಾರವಿಡೀ ಬೆನ್ನುಹತ್ತಿದ ಮೇಲೆ ಆರು ಕುರ್ಚಿ ಬಂದವು.

"ಹೆಂಗಸರಿಗೆ ಮಾತ್ರ. ಪಾಪ, ನಾಜೂಕು ಜೀವಗಳು," ಎಂದರು ಯಜಮಾನರು, ತಮ್ಮ ಔದಾರ್ಯಕ್ಕೆ ತಾವೇ ಕರಗಿ.

ಹಾಸಿಗೆ ಬಟ್ಟೆ ಮಾರುವ ದೊಡ್ಡಪ್ಪ, ಅಂಗಡಿಗೆಲ್ಲ ಹಿರಿಯ, ಮಂಡಿನೋವಿಗೆ ಗೋಡೆಗೆ ಒರಗಿ ನಿಂತಿದ್ದ. ಮಾತಿನಮಲ್ಲಿ ಅವನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು.

"ಬಟ್ಟೆ ಸುತ್ತಿದ ಥಾನು ಹೊತ್ತು ಮೆಟ್ಟಿಲು ಹತ್ತುವಾಗ ನಾವು ನಾಜೂಕಾಗಿರ್ಲಿಲ್ಲ, ಯಜಮಾನ್ರೇ. ಕಾಲು ನೋಯುತ್ತೆ ಅಂತ ಕೊಡಿ. ಕಾಲು ಗಂಡಸರಿಗೂ ಇದೆ."

"ನೀನು ಸ್ತ್ರೀವಾದಿ ಅಂತಾರಲ್ಲಮ್ಮ, ಈಗ ಗಂಡಸರ ಪರ ವಕಾಲತ್ತಾ?"

"ಪುಸ್ತಕದಲ್ಲಿ ಏನಿದೆಯೋ ಗೊತ್ತಿಲ್ಲ. ನಾನು ಕೇಳಿದ್ದು ಕೂರೋಕೆ ಜಾಗ, ಸಿಂಹಾಸನ ಅಲ್ಲ."

ಮೂರು ದಿನ ಆರೂ ಹೆಂಗಸರು ಖಾಲಿ ಕುರ್ಚಿಗಳ ಪಕ್ಕ ನಿಂತೇ ವ್ಯಾಪಾರ ಮಾಡಿದರು. "ಇವೂ ಮಾರೋದಕ್ಕಾ?" ಎಂದು ಗಿರಾಕಿಗಳು ಕೇಳತೊಡಗಿದಾಗ ಯಜಮಾನರು ಸೋತರು. ಗಂಡಸರಿಗೂ ಐದು ಕುರ್ಚಿ ಬಂದವು. ದೊಡ್ಡಪ್ಪ ಮೊದಲ ದಿನ ಕೂತವನು ಏಳಲು ಮರೆತೇಬಿಟ್ಟ.

ಗೆದ್ದ ಹುಮ್ಮಸ್ಸಿನಲ್ಲಿ ಮಾತಿನಮಲ್ಲಿ ಮನೆಗೆ ಬಂದರೆ ಗಂಡ ಈರುಳ್ಳಿ ಹೆಚ್ಚುತ್ತಿದ್ದ.

"ಅಯ್ಯೋ, ಇಷ್ಟು ದಪ್ಪಗೆ ಹೆಚ್ತಾರಾ? ಕೊಡಿ ಇಲ್ಲಿ, ನಿಮ್ಮ ಕೈಲಾಗಲ್ಲ!"

ಬಾಗಿಲಲ್ಲಿದ್ದ ಮಗಳು ಕಿಸಕ್ಕನೆ ನಕ್ಕಳು. "ಅಮ್ಮಾ, ಅಪ್ಪನಿಗೆ ಅಡುಗೆಮನೆ ಪ್ರವೇಶ ಯಾವಾಗ ಮಂಜೂರು ಮಾಡ್ತೀಯ?"

ಮಾತಿನಮಲ್ಲಿಯ ಕೈ ಚಾಕುವಿನ ಹತ್ತಿರವೇ ತಡೆಯಿತು. ಇಷ್ಟು ವರ್ಷ ಒಲೆಯ ಮುಂದೆ ಬೇಯುವುದೇ ತನ್ನ ಪಾಡು ಎಂದು ಗೊಣಗಿದ್ದಳು, ಆದರೆ ಒಲೆಯ ಹತ್ತಿರ ಬೇರೆ ಯಾರನ್ನೂ ಬಿಟ್ಟುಕೊಂಡಿರಲಿಲ್ಲ. ಚಾಕುವಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನಡುಮನೆಗೆ ಬಂದು ಕೂತಳು. ಬಾಣಲೆ ಸೀದ ವಾಸನೆ ಬಂದಾಗ ಎದ್ದು ಹೋಗದಿರಲು ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಊಟಕ್ಕೆ ಉಪ್ಪು ಜಾಸ್ತಿಯಾಗಿತ್ತು. ಮೂವರೂ ನೀರು ಕುಡಿಕುಡಿದು ಉಂಡರು.

"ಹೇಗಿದೆ?" ಗಂಡ ಅಳುಕುತ್ತ ಕೇಳಿದ.

"ಉಪ್ಪು ಜಾಸ್ತಿ," ಎಂದಳು. ಆಮೇಲೆ, ತಟ್ಟೆ ನೋಡುತ್ತ, "ನಾಳೇನೂ ನೀವೇ ಮಾಡಿ."