ಮಗಳು ಬಿಟ್ಟ ಹಕಾರ

ಗಂಡ ತೀರಿಕೊಂಡ ಏಳು ತಿಂಗಳಿಗೆ ನನಗೆ ನರ್ಸ್ ಕೆಲಸ ಸಿಕ್ಕಿತು. ಗದಗದ ಕಡೆಯ ನಮ್ಮೂರಿನಿಂದ ಒಂದು ಟ್ರಂಕು, ಇನ್ನೂ ಮಾತು ಬಾರದ ಮಗಳನ್ನು ಹೊತ್ತುಕೊಂಡು ಮಂಡ್ಯ ಕಡೆಯ ಬೆಳಕವಾಡಿಗೆ ಬಂದೆ. ಮೊದಮೊದಲು ರೋಗಿಗಳನ್ನು “ಯಾಕ್ರೀ, ಏನಾಗೇತ್ರೀ” ಎಂದು ಕೇಳಿದರೆ ಸಾಲಿನಲ್ಲಿ ಕೂತವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಕೆಟ್ಟ ನಗುವೇನಲ್ಲ. ಆದರೂ ನನ್ನ ಮಾತನ್ನು ಒಳಗಿಟ್ಟುಕೊಂಡು, ಪುಸ್ತಕದ ಕನ್ನಡದಲ್ಲಿ ಬೇಕಾದಷ್ಟೇ ಆಡತೊಡಗಿದೆ. ಮನೆಗೆ ಬಂದ ಮೇಲೆ ಅದೂ ಇಲ್ಲ. ಅನ್ನಕ್ಕಿಟ್ಟು, ಮಗಳಿಗೆ ತಿನ್ನಿಸಿ, ಮಲಗಿಸುತ್ತಿದ್ದೆ.

ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಅಜ್ಜಿ. ಹಾಲು ಕರೆಯುವಾಗಲೂ ಮಗುವನ್ನು ಹತ್ತಿರ ಕೂರಿಸಿಕೊಂಡು ಏನಾದರೂ ಹೇಳುತ್ತಲೇ ಇರುತ್ತಿದ್ದರು.

ಎರಡೂವರೆ ತುಂಬುವಾಗ ಮಗಳಿಗೆ ಮಾತು ಧಾರಾಳವಾಗಿ ಬಂತು. ಆದರೆ ಹಾಲು ‘ಆಲು’, ಹಲ್ಲು ‘ಅಲ್ಲು’, ಹಸು ‘ಅಸ’. ಊರಿನವರು ಹಾಗೇ ಆಡುತ್ತಾರೆಂದು ನನಗೆ ಗೊತ್ತಿತ್ತು, ದಿನವೂ ಕೇಳುತ್ತಿದ್ದೆ. ನನ್ನ ಮಗಳೂ ಆ ಊರಿನವಳಾಗಿದ್ದಾಳೆ ಎಂದು ಮಾತ್ರ ಹೊಳೆಯಲಿಲ್ಲ. ಕಿವಿಯಲ್ಲೇನೋ ದೋಷವಿರಬೇಕೆಂದು ಹೆದರಿದೆ. ತಿಂಗಳುಗಟ್ಟಲೆ ಯಾರಿಗೂ ಹೇಳದೆ, ಕೊನೆಗೆ ರಜೆ ಹಾಕಿ ಮಂಡ್ಯಕ್ಕೆ ಕರೆದುಕೊಂಡು ಹೋದೆ.

ಮಾತಿನ ದೋಷ ನೋಡುವ ಡಾಕ್ಟರಮ್ಮ ಕಿವಿ, ನಾಲಿಗೆ ಎಲ್ಲ ಪರೀಕ್ಷಿಸಿ, ಹಗಲು ಮಗು ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. ಹೇಳಿದೆ. ಅವರು ಮಗಳ ಹೊಟ್ಟೆಗೆ ಕಚಗುಳಿ ಇಟ್ಟರು. ಅವಳು ಹಹ್ಹಹ್ಹ ಎಂದು ನಕ್ಕಳು.

“ಹಕಾರ ಇದೆಯಲ್ಲ. ಅವಳು ಕೇಳಿದ್ದನ್ನ ಸರಿಯಾಗೇ ಕಲಿತಿದ್ದಾಳೆ. ಮನೆಯಲ್ಲಿ ನೀವು ಅವಳ ಜೊತೆ ಮಾತಾಡ್ತೀರಾ?” ಎಂದರು.

ನಾನು ಮಗಳ ಅಂಗಿ ಸರಿಮಾಡತೊಡಗಿದೆ.

ಮಂಡ್ಯದಿಂದ ವಾಪಸು ಬರುವ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ಕೂತು ಕಬ್ಬಿನ ಗದ್ದೆ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ನಮ್ಮ ಕಡೆಯ ಮಾತು ಬಾಯಿಗೆ ತಂದುಕೊಂಡು, “ಹಸಿವಿ ಆಗೇತೇನವಾ, ಉಣ್ಣಾಕ ಏನರ ಕೊಡ್ಲಿ?” ಎಂದೆ.

ಅವಳು ತಿರುಗಿ ನನ್ನ ಬಾಯನ್ನೇ ನೋಡಿದಳು. “ಏನಂದೆ?”

ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಮಗಳು ಬಿಸ್ಕತ್ತಿನ ಪೊಟ್ಟಣ ತಾನೇ ಹುಡುಕಿಕೊಂಡಳು.

ಡಾಕ್ಟರು ಹೇಳಿದ್ದನ್ನು ಕೇಳಿ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. “ನೀನೂ ವಸಿ ಮಾತಾಡು ಕಣಮ್ಮ,” ಎಂದರು. “ನಿನ್ ಮನೆವೊಳ್ಗೆ ಒಂದು ಸದ್ದೂ ಕೇಳಕ್ಕಿಲ್ಲ.”

ಅಂದಿನಿಂದ ರೊಟ್ಟಿ ತಟ್ಟುತ್ತಾ, ಬಟ್ಟೆ ಮಡಿಸುತ್ತಾ ಬಾಯಿಗೆ ಬಂದದ್ದೆಲ್ಲ ಆಡಿದೆ. ಮೊದಲು ಗೋಡೆಗೆ ಹೇಳಿದಂತಿತ್ತು. ನಾಲ್ಕಾರು ತಿಂಗಳಲ್ಲಿ ಮಗಳಿಗೆ ಎಲ್ಲ ಅರ್ಥವಾಗತೊಡಗಿತು. ಉತ್ತರ ಮಾತ್ರ ಅಜ್ಜಿಯ ಮಾತಿನಲ್ಲೇ ಕೊಡುತ್ತಾಳೆ. ಬೆಳಕವಾಡಿಯಲ್ಲಿ ನಮ್ಮ ಕಡೆಯ ಮಾತಾಡುವವಳು ಈಗಲೂ ನಾನೊಬ್ಬಳೇ.

ಮೊನ್ನೆ ಭಾನುವಾರ ಊರಿನಿಂದ ಅವ್ವ ಫೋನ್ ಮಾಡಿದ್ದಳು. ಮೊಮ್ಮಗಳು ಹೇಳಿದ್ದು ಅವಳಿಗೆ ತಿಳಿಯಲಿಲ್ಲ, ನಾನು ನಡುವೆ ನಿಂತು ತಿಳಿಸಿದೆ. ಕೊನೆಗೆ ಅವ್ವ ನನ್ನನ್ನು, ನೀನು ಹೆಂಗದೀಯವಾ ಎಂದು ಕೇಳಿದಳು.

“ಚೆನ್ನಾಗಿವ್ನಿ ಕಣವ್ವ,” ಎಂದುಬಿಟ್ಟೆ.

ಅವ್ವ ಒಮ್ಮೆ ‘ಕಣವ್ವ’ ಎಂದು ತಾನೇ ಹೇಳಿ ನೋಡಿದಳು. ಆಮೇಲೆ ಅಲ್ಲಿ ಮಳೆಯಾಯಿತೇ ಎಂದು ಕೇಳಿದಳು.